ವಿ-ಕ್ರಾಸ್ 2.5: ಮೊದಲು ಗಾಳಿ, ಆಮೇಲೆ ಡೀಸೆಲ್

ಹೊಗೆ ಉಗುಳದೆ ಈ ಇಂಜಿನ್‌ನಿಂದ ಹೆಚ್ಚು ಎಳೆತ ಬರುವುದಿಲ್ಲ ಅಂದವರೇ ಜಾಸ್ತಿ. ಬಿಎಸ್4 ಕಾಲದ ಇಸುಜು ವಿ-ಕ್ರಾಸ್ ಪಿಕಪ್, ಕಂಪನಿ ಲೆಕ್ಕದಲ್ಲಿ 134 ಎಚ್‌ಪಿ, 320 ಎನ್‌ಎಂ. ಈಗ ನಾಲ್ಕು ಮೂಟೆ ಗೊಬ್ಬರ ಹೇರಿಕೊಂಡು ಚಾರ್ಮಾಡಿ ಘಾಟಿ ಏರುವಾಗ ಎರಡನೇ ಗೇರಿಗೆ ಇಳಿಸುತ್ತಿದ್ದ ಕಡೆ ಮೂರರಲ್ಲೇ ಎಳೆಯುತ್ತದೆ. ಹಿಂದಿನ ಗಾಡಿಯವರು ಕಿಟಕಿ ಏರಿಸುವುದಿಲ್ಲ.

ಟ್ಯೂನಿಂಗ್ ಬಾಕ್ಸಿಗೆ ಹೋದ ಹದಿನೈದು ಸಾವಿರ ದಂಡ. ರೈಲ್ ಪ್ರೆಶರ್ (ಇಂಜೆಕ್ಟರಿಗೆ ಹೋಗುವ ಡೀಸೆಲ್ ಒತ್ತಡ) ಸೆನ್ಸರಿನ ಸಿಗ್ನಲ್ ಕಡಿಮೆ ತೋರಿಸಿ ಇಸಿಯುಗೆ, ಅಂದರೆ ಇಂಜಿನ್ ನಡೆಸುವ ಕಂಪ್ಯೂಟರಿಗೆ, ಮಂಕುಬೂದಿ ಎರಚುವುದಷ್ಟೇ ಅದರ ಕೆಲಸ. ಡೀಸೆಲ್ ಜಾಸ್ತಿ ಬೀಳುತ್ತದೆ, ಗಾಳಿ ಇದ್ದಷ್ಟೇ. ಕಪ್ಪು ಹೊಗೆ, ಏರಿನಲ್ಲಿ ಲಿಂಪ್ ಮೋಡ್, ಅಂದರೆ ಇಸಿಯು ತಾನೇ ಪವರ್ ಕಡಿತ ಮಾಡುವುದು.

ನಿಜವಾದ ರೋಗ ಒಬಿಡಿ (ಗಾಡಿಯ ತಪಾಸಣೆ ಸಾಕೆಟ್) ಲಾಗಿನಲ್ಲಿತ್ತು: ಇಸಿಯು ಕೇಳಿದ ಬೂಸ್ಟಿಗಿಂತ (ಟರ್ಬೊ ತುಂಬುವ ಗಾಳಿಯ ಒತ್ತಡ) ಸುಮಾರು ಕಾಲು ಬಾರ್ ಕಡಿಮೆ. ಸೋರಿಕೆ ಹುಡುಕಲು ಟರ್ಬೊ ಬಾಯಿಗೆ ಪಿವಿಸಿ ಎಂಡ್ ಕ್ಯಾಪ್, ಅದಕ್ಕೊಂದು ಟ್ಯೂಬ್‌ಲೆಸ್ ವಾಲ್ವ್, ರೆಗ್ಯುಲೇಟರ್ ಹಾಕಿ 1.2 ಬಾರ್ ಗಾಳಿ, ಮೇಲೆ ಸೋಪಿನ ನೀರು. ಇಂಟರ್‌ಕೂಲರ್ (ಟರ್ಬೊ ಗಾಳಿ ತಣಿಸುವ ರೇಡಿಯೇಟರ್) ಕೆಳಗಿನ ಹೋಸಿನ ಕ್ಲಿಪ್ ಬುಡದಲ್ಲಿ ಗುಳ್ಳೆ. ಹೋಸ್ ಹೊರಗಿನಿಂದ ಹೊಸದರಂತಿದೆ, ಒತ್ತಿ ಬಗ್ಗಿಸಿದರೆ ಮಾತ್ರ ಸೀಳು ಬಾಯಿ ಬಿಡುತ್ತದೆ. ಸಿಲಿಕೋನ್ ಹೋಸು, ಟಿ-ಬೋಲ್ಟ್ ಕ್ಲ್ಯಾಂಪ್ ಸೇರಿ ಐದು ಸಾವಿರದ ಆಚೀಚೆ.

ಇಂಟರ್‌ಕೂಲರನ್ನು ಬಿಚ್ಚಿ ಸೀಮೆಎಣ್ಣೆಯಲ್ಲಿ ಕುಲುಕಿ, ಬಿಸಿ ಸೋಪುನೀರಿನಲ್ಲಿ ತೊಳೆದು, ಗಾಳಿ ಹೊಡೆದು ಪೂರ್ತಿ ಒಣಗಿಸಬೇಕು. ಒಳಗೆ ಸೀಮೆಎಣ್ಣೆ ಉಳಿದರೆ ಇಂಜಿನ್ ಅದನ್ನೇ ಎಳೆದುಕೊಂಡು ಓಡುತ್ತದೆ, ಕೀ ತೆಗೆದರೂ ನಿಲ್ಲದಿರಬಹುದು. ಇನ್‌ಟೇಕ್ ಮ್ಯಾನಿಫೋಲ್ಡಿನಲ್ಲಿ ಇಜಿಆರ್ (ಹೊಗೆಯ ಒಂದು ಪಾಲನ್ನು ಇಂಜಿನ್‌ಗೆ ವಾಪಸ್ ಕಳಿಸುವ ವ್ಯವಸ್ಥೆ) ಮಸಿಯೂ ಬ್ರೀದರ್ (ಇಂಜಿನ್ ಒಳಗಿನ ಆಯಿಲ್ ಆವಿ ಹೊರಬಿಡುವ ಕೊಳವೆ) ಆಯಿಲೂ ಸೇರಿ ಡಾಂಬರಿನಂತೆ ಕಟ್ಟಿರುತ್ತದೆ. ರಾತ್ರಿಯಿಡೀ ಡೀಸೆಲಿನಲ್ಲಿ ನೆನೆಸಿ ಕೆರೆದರೆ ಬರುತ್ತದೆ. ಕಾಸ್ಟಿಕ್ ಸೋಡಾ ಬೇಡ, ಅಲ್ಯೂಮಿನಿಯಂ ತಿನ್ನುತ್ತದೆ. ಇಜಿಆರ್ ಮುಚ್ಚಿಲ್ಲ, ತೊಳೆದಿದ್ದಷ್ಟೇ. ಮುಚ್ಚುವುದು ಕಾನೂನಿಗೂ ಹೊರಗು.

ಮ್ಯಾಪಿಗೆ (ಇಸಿಯು ಒಳಗಿನ ಡೀಸೆಲ್, ಬೂಸ್ಟ್ ಲೆಕ್ಕ ಬದಲಿಸುವುದು) ಮೊದಲು ಇಂಜೆಕ್ಟರ್ ರಿಟರ್ನ್, ಅಂದರೆ ಇಂಜೆಕ್ಟರಿನಿಂದ ಟ್ಯಾಂಕಿಗೆ ವಾಪಸ್ ಹೋಗುವ ಡೀಸೆಲ್, ನೋಡಲೇಬೇಕು. ನಾಲ್ಕೂ ರಿಟರ್ನಿಗೆ ಒಂದೊಂದು ಬಾಟಲಿ, ಐಡಲ್‌ನಲ್ಲಿ ಐದು ನಿಮಿಷ. ಒಂದರಲ್ಲಿ ಉಳಿದವುಗಳ ಎರಡರಷ್ಟು ತುಂಬಿದರೆ ಆ ಇಂಜೆಕ್ಟರ್ ಬಿಚ್ಚಿ. ಅದರ ಮೇಲೆ ಮ್ಯಾಪ್ ಹಾಕುವುದು ದುಡ್ಡು ಸುಟ್ಟಂತೆ.

ಇಜಿಟಿ (ಹೊಗೆಯ ಬಿಸಿ ಅಳೆಯುವ) ಮೀಟರ್ ಇಲ್ಲದೆ ರೀಮ್ಯಾಪ್ ಮಾಡಿಸುವವರ ಧೈರ್ಯ ನನಗಿಲ್ಲ. ಕೆ-ಟೈಪ್ ಪ್ರೋಬ್ ಟರ್ಬೈನಿಗೆ ಮೊದಲೇ ಕೂರಬೇಕು, ತುದಿ ಹೊಗೆಯ ಹರಿವಿನ ನಡುವಿಗೆ ಬರಬೇಕು. ಮ್ಯಾನಿಫೋಲ್ಡ್ ಬಿಚ್ಚಿ ಲೇತಿನವರ ಹತ್ತಿರ ಕೊರೆಸಿ. ಬೀಡಿನ ಚೂರೊಂದು ಒಳಗುಳಿದರೆ ಬ್ಲೇಡು ಹೋಯಿತು. ನನ್ನ ಮಿತಿ 720 ಡಿಗ್ರಿ. ಅದರ ಮೇಲೆ ನಿಂತರೆ ಕಾಲು ತೆಗೆಯುವುದು.

ಮ್ಯಾಪ್ ಮಾಡುವವರಿಗೆ ಹೇಳಿದ್ದು ಮೂರು ಮಾತು: ಮೂಲ ಫೈಲ್ ಕೈಗೆ ಕೊಡಿ, 2000 ಆರ್‌ಪಿಎಂ ಒಳಗೆ ಟಾರ್ಕ್ ಮುಟ್ಟಬೇಡಿ, ಸ್ಮೋಕ್ ಲಿಮಿಟರ್ (ಗಾಳಿಗೆ ತಕ್ಕಷ್ಟೇ ಡೀಸೆಲ್ ಬಿಡುವ ಮಿತಿ) ತೆಗೆಯಬೇಡಿ. ಕೆಳಗಿನ ಆರ್‌ಪಿಎಂನಲ್ಲಿ ಟಾರ್ಕ್ ಏರಿಸಿದರೆ ಮಜಾ ಬರುತ್ತದೆ, ಕ್ಲಚ್ ಸುಡುತ್ತದೆ. ಲಿಮಿಟರನ್ನು ಯಾವ ಆರ್‌ಪಿಎಂಗೆ ಎಷ್ಟಿಟ್ಟೆ ಅನ್ನುವುದು ನನ್ನ ಹತ್ತಿರವೇ ಇರಲಿ. ಮೂವತ್ತು ಸಾವಿರ ಚಿಲ್ಲರೆ ಬಿತ್ತು.

ನಡುವೆ ಎಣ್ಣೆ ಹಚ್ಚುವ ಕಾಟನ್ ಫಿಲ್ಟರನ್ನೂ ನೋಡಿದ್ದಾಯಿತು. ಎಣ್ಣೆ ತುಸು ಹೆಚ್ಚಾದರೆ ಏರ್‌ಫ್ಲೋ ಸೆನ್ಸರಿನ ಬಿಸಿತಂತಿಗೆ ಅಂಟಿ ರೀಡಿಂಗ್ ಕೆಡುತ್ತದೆ. ಘಾಟಿಯಲ್ಲಿ ಕೂದಲೆಳೆಯಷ್ಟೂ ಫರಕಿಲ್ಲ. ಪೇಪರ್ ಫಿಲ್ಟರಿಗೆ ವಾಪಸ್. ಬ್ರೀದರಿಗೆ ಆಯಿಲ್ ಹಿಡಿಯುವ ಕ್ಯಾಚ್ ಕ್ಯಾನ್ ಹಾಕಿದ್ದು ಮಾತ್ರ ವರ್ತ್.

ಪವರ್ ಅಳೆಯುವ ಡೈನೋಗೆ ಹತ್ತಿಸಿಲ್ಲ. ನಾಲ್ಕನೇ ಗೇರಿನಲ್ಲಿ 1800ರಿಂದ 3200 ಆರ್‌ಪಿಎಂ, ಅದೇ ರಸ್ತೆ, ಎರಡೂ ದಿಕ್ಕು: ಹನ್ನೊಂದು ಸೆಕೆಂಡಿನ ಹತ್ತಿರ ಇದ್ದದ್ದು ಒಂಬತ್ತಕ್ಕೆ ಇಳಿದಿದೆ. ಅದರಲ್ಲಿ ಒಂದು ಸೆಕೆಂಡು ಮ್ಯಾಪ್ ಮುಟ್ಟುವ ಮೊದಲೇ, ಹೋಸು ಮತ್ತು ತೊಳೆತದಲ್ಲೇ ಸಿಕ್ಕಿತ್ತು. ಬರೀ ಬಾಕ್ಸ್ ಮಾರುವವರು ಈ ಸೆಕೆಂಡಿನ ಲೆಕ್ಕ ಹೇಳುವುದಿಲ್ಲ.