ಸೀರೆ ಮುಂದಿಟ್ಟುಕೊಂಡು ಸುಣ್ಣ ಹೊಡೆದಿದ್ದು

ಸುಣ್ಣಕ್ಕೆ ಬಣ್ಣದ ಪುಡಿ ಬೆರೆಸಿ ಹೊಡೆದ ನಮ್ಮ ಮನೆ ಹೊರಗೋಡೆ ಮೂರನೇ ಮಳೆಗಾಲ ದಾಟಿತು. ಕನಕಾಂಬರ ಇನ್ನೂ ಕನಕಾಂಬರವಾಗೇ ಇದೆ. "ಒಂದು ಮಳೆ ಬೀಳಲಿ, ಚರಂಡೀಲಿ ಓಕುಳಿ ಹರಿಯುತ್ತೆ" ಅಂದಿದ್ದ ನಮ್ಮ ಪೇಂಟರ್ ಬಳಗಕ್ಕೆ ಅಂತಲೇ ಇದನ್ನು ಬರೀತಿದ್ದೀನಿ. ಚಳ್ಳಕೆರೆ ಕಡೆ ಅದೇನು ಮಹಾ ಮಳೆ ಅಂತ ಮಲೆನಾಡಿನವರು ನಗಬಹುದು. ನಗಲಿ, ನಮ್ಮ ಬಿಸಿಲಲ್ಲಿ ಒಂದು ಏಪ್ರಿಲ್ ನಿಂತು ನೋಡಲಿ.

ಇಪ್ಪತ್ತು ವರ್ಷದಿಂದ ಬಣ್ಣ ಹೊಡೀತಿದ್ದೀನಿ. ಹತ್ತು ಮನೇಲಿ ಎಂಟು ಮನೆಯವರು ಕೇಳೋದು ಐವರಿ, ಇಲ್ಲಾ ಕ್ರೀಮ್. ಗಾಢ ಬಣ್ಣ ತೋರಿಸಿದರೆ "ಅಯ್ಯೋ, ಕಣ್ಣಿಗೆ ರಾಚುತ್ತೆ, ಅಂಗನವಾಡಿ ಥರ ಕಾಣುತ್ತೆ" ಅಂತಾರೆ. ಹಾಗೆ ಹೇಳೋ ಅಮ್ಮನವರು ಉಟ್ಟಿರೋದು ಗಿಳಿಹಸಿರು ಸೀರೆ, ಅದಕ್ಕೆ ರಾಣಿ ಪಿಂಕ್ ಅಂಚು. ಅದು ರಾಚಲ್ಲ! ನನ್ನ ತಲೆಗೆ ಹುಳ ಬಿಟ್ಟಿದ್ದೇ ಇದು. ನನ್ನ ಲೆಕ್ಕದಲ್ಲಿ ರಾಚೋದು ಬಣ್ಣ ಅಲ್ಲ, ಡಬ್ಬಿಯಲ್ಲಿ ಬರೋ ಎಮಲ್ಷನ್ ಪೇಂಟಿನ ಪ್ಲಾಸ್ಟಿಕ್ ಹೊಳಪು. ಜೊತೆಗೆ ಎಲ್ಲಿ ಎಷ್ಟು ಹಾಕಬೇಕು ಅನ್ನೋ ಅಳತೆ ತಪ್ಪೋದು.

ಹೊಳಪಿಲ್ಲದ ಸುಣ್ಣದಲ್ಲೇ ನಮ್ಮ ಮನೆಗೆ ಸೀರೆ ಬಣ್ಣ ಹಾಕಿ ನೋಡೋಣ ಅಂತ ಹೆಂಡತಿಯ ಮೊಳಕಾಲ್ಮೂರು ರೇಷ್ಮೆ ಸೀರೆ ಈಚೆ ತೆಗೆಸಿದೆ. ಕನಕಾಂಬರದ ಒಡಲು, ನೀಲಿ ಅಂಚು. ಒಡಲು ಗೋಡೆಗೆ, ಅಂಚು ಕೆಳಗಿನ ಪಟ್ಟಿಗೂ ಕಿಟಕಿ ಸುತ್ತಕ್ಕೂ. ಟೇಪ್ ಹಿಡಿದು ಅಂಚಿನ ಅಗಲ ಅಳೆದು, ಅದೇ ಲೆಕ್ಕದಲ್ಲಿ ಗೋಡೆ ಮೇಲೆ ದಾರ ಹೊಡೆದೆ. "ಗೋಡೆಗೆ ಸೀರೆ ಉಡಿಸ್ತೀರಾ?" ಅಂತ ಅವಳೂ ನಕ್ಕಳು.

ಮೊದಲ ಸಲ ಪೂರ್ತಿ ನಾಶ. ಅಂಗಡಿಯವನು ಕೊಟ್ಟ ನೀಲಿ ಪುಡಿ ಸುಣ್ಣಕ್ಕೆ ಬೆರೆಸಿ ಹೊಡೆದರೆ ನಾಲ್ಕೇ ದಿನಕ್ಕೆ ತುಕ್ಕು ಹಿಡಿದ ತಗಡಿನ ಬಣ್ಣ. ಅದು ಪ್ರಷ್ಯನ್ ನೀಲಿ, ಸುಣ್ಣದ ಖಾರಕ್ಕೆ ನಿಲ್ಲಲ್ಲ. ಬಟ್ಟೆಗೆ ಹಾಕೋ ನೀಲಿ ಇದೆಯಲ್ಲ, ಆ ಜಾತಿಯ ಅಲ್ಟ್ರಾಮರೀನ್ ಆದರೆ ನಿಲ್ಲುತ್ತೆ. ಕೆಂಪು, ಹಳದಿಗೆ ಐರನ್ ಆಕ್ಸೈಡ್ ಬಿಟ್ಟು ಬೇರೆ ಮುಟ್ಟಬೇಡಿ.

ಎರಡನೇ ಸಲ ಅವಸರಕ್ಕೆ ಬಿದ್ದೆ. ದಪ್ಪಗೆ ಎರಡೇ ಕೋಟ್, ಅದೂ ಮಧ್ಯಾಹ್ನದ ಬಿಸಿಲಲ್ಲಿ. ಮಾರನೇ ದಿನ ಹಪ್ಪಳ ಎದ್ದಹಾಗೆ ಎದ್ದಿತು. ಮೂರನೇ ಸಲ ಬಣ್ಣ ಸಾಲದು ಅಂತ ಪುಡಿ ಸುರಿದೆ. ನಮ್ಮತ್ತೆ ಜಗಲೀಲಿ ಗೋಡೆಗೊರಗಿ ಕೂತು ಎದ್ದರೆ ಬಿಳಿ ಸೀರೆ ಬೆನ್ನೆಲ್ಲ ಕಾವಿ. ಮಾವ ಹೋದಮೇಲೆ ಹದಿಮೂರು ವರ್ಷಕ್ಕೆ ಅವರ ಮೈಮೇಲೆ ಬಣ್ಣ ಬಿದ್ದಿದ್ದು ಅದೇ ಮೊದಲು. ಎಲ್ಲರೂ ಸುಮ್ಮನಾದೆವು. ಅವರೇ ಸೆರಗು ತಿರುವಿ ನೋಡಿಕೊಂಡು, "ಒಗೆದರೆ ಹೋಗುತ್ತೇನೋ ಅಳಿಯಂದ್ರೇ?" ಅಂದರು. ಹೋಗಲಿಲ್ಲ. ಅವರು ಆ ಸೀರೆ ಉಡೋದೂ ಬಿಡಲಿಲ್ಲ.

ಕೊನೆಗೆ ಕೈಹಿಡಿದ ದಾರಿ ಇದು. ಹಳೇ ಡಿಸ್ಟೆಂಪರ್ ಗಾರೆ ಕಾಣೋವರೆಗೂ ಕೆರೆಸಿದೆ. ಕಲ್ಲುಸುಣ್ಣ ಡ್ರಮ್ಮಿನಲ್ಲಿ ಅರಳಿಸಿ ಸುಮಾರು ಮೂರು ವಾರ ನೀರಲ್ಲೇ ಬಿಟ್ಟು, ಹಳೇ ಪಂಚೇಲಿ ಸೋಸಿದೆ. ಹತ್ತು ಕೆಜಿ ಸುಣ್ಣಕ್ಕೆ ಪುಡಿ ಒಂದು ಕೆಜಿ ಒಳಗೇ, ರಾತ್ರಿಯೇ ನೀರಲ್ಲಿ ನೆನೆಸಿಟ್ಟದ್ದು. ಹಾಲಿನಷ್ಟು ತೆಳು. ಸಂಜೆ ನಾಲ್ಕರ ಮೇಲೆ ಗೋಡೆ ನೆನೆಸಿ ದಿನಕ್ಕೊಂದೇ ಕೋಟ್, ಒಟ್ಟು ಐದು. ಕೊನೇ ಕೋಟಿಗೆ ಅಡುಗೆಮನೇದೇ ಒಂದು ವಸ್ತು ಹಾಕ್ತೀನಿ, ಅದರಿಂದಲೇ ಪುಡಿ ಕೈಗೆ ಅಂಟದೆ ನಿಂತಿರೋದು. ಏನು ಅಂತ ಮಾತ್ರ ಕೇಳಬೇಡಿ, ಹೊಟ್ಟೆಪಾಡು.

ಹಸಿಯಲ್ಲಿ ಬಣ್ಣ ನೋಡಿ ಯಾರೂ ಹೆದರಬೇಡಿ. ಮೊದಲ ಸಂಜೆ ಗೋಡೆ ಇಟ್ಟಿಗೆಗೂಡಿನ ಥರ ಕೆಂಪಗೆ ಕಂಡು ಅಕ್ಕಪಕ್ಕದವರೆಲ್ಲ ಬಂದು ನಕ್ಕು ಹೋದರು. ಬೆಳಗ್ಗೆ ಹೊತ್ತಿಗೆ ಒಣಗಿ, ಮುಡಿದು ತೆಗೆದಿಟ್ಟ ಕನಕಾಂಬರದಷ್ಟು ತಣ್ಣಗಾಗಿತ್ತು. ನಾನೀಗ ಹಳೇ ಹೆಂಚಿನ ಚೂರಿಗೆ ಬಳಿದು ಒಣಗಿಸಿ ನೋಡದೆ ಬ್ರಷ್ ಮುಟ್ಟೋದಿಲ್ಲ.

ನಡುವೆ ಅರಿಶಿನದ ಹುಚ್ಚೂ ಒಂದಿತ್ತು. ಸುಣ್ಣ ತಾಕಿದರೆ ಅರಿಶಿನ ಕೆಂಪಾಗುತ್ತೆ ಅಂತ ಆರತಿ ತಟ್ಟೆ ನೋಡಿದವರಿಗೆಲ್ಲ ಗೊತ್ತು, ಆದರೂ ಹಿತ್ತಲ ಗೋಡೆಗೆ ಅರ್ಧ ಕೆಜಿ ಹಾಕಿದೆ. ಎರಡು ದಿನ ಕುಂಕುಮದ ಹಾಗೆ ಜಗಜಗ ಅಂತಿತ್ತು. ವಾರದೊಳಗೆ ಬಿಸಿಲು ಕುಡಿದುಬಿಟ್ಟಿತು.

ದುಡ್ಡಿನ ವಿಷಯ. ಹೊರಗೋಡೆ ಹೆಚ್ಚುಕಮ್ಮಿ 1,600 ಚದರಡಿ. ಎಮಲ್ಷನ್ ಆಗಿದ್ದರೆ ಕೂಲಿ ಸೇರಿ 40 ಸಾವಿರ ದಾಟುತ್ತಿತ್ತು. ನನಗೆ ಸುಣ್ಣ, ಪುಡಿ, ಒಬ್ಬ ಹುಡುಗನ ಕೂಲಿ ಎಲ್ಲ ಸೇರಿ 16 ಸಾವಿರದ ಹತ್ತಿರ. ಕೆಡಿಸಿದ್ದು ಇನ್ನೊಂದು ಏಳು ಸಾವಿರ ಇರಬೇಕು, ಅದನ್ನು ಮನೇಲಿ ಇವತ್ತಿಗೂ ಪೂರ್ತಿ ಹೇಳಿಲ್ಲ. ನನ್ನ ಕೂಲಿ ನಾನು ಹಿಡಿದಿಲ್ಲ. ಪಡುವಣ ಗೋಡೆಯ ನೀಲಿ ಪಟ್ಟಿ ಸ್ವಲ್ಪ ಮಾಸಿದೆ, ಸುಳ್ಳು ಹೇಳಲ್ಲ.

ಈಗ ಗಿರಾಕಿ ಮನೆಗೆ ಶೇಡ್ ಕಾರ್ಡ್ ಒಯ್ಯೋದೇ ಬಿಟ್ಟಿದ್ದೀನಿ. "ಅಮ್ಮಾ, ನಿಮಗೆ ಇಷ್ಟವಾದ ಸೀರೆ ಒಂದು ತೋರಿಸಿ" ಅಂತೀನಿ. ಬೀರು ತೆಗೀತಾರೆ. ಇದುವರೆಗೂ ಒಬ್ಬರೂ ಐವರಿ ಸೀರೆ ತಂದಿಲ್ಲ. ನಾಲ್ಕು ಮನೆ ಮುಗಿಸಿದ್ದೀನಿ, ಐದನೇದು ಬಾಳೆಎಲೆ ಹಸಿರು, ಮೆರೂನ್ ಅಂಚು. ಚರಂಡಿ ಓಕುಳಿ ಅಂದ ಪೇಂಟರ್‌ಗಳಲ್ಲಿ ಒಬ್ಬ ಇದ್ದಾನಲ್ಲ, ಅವನ ತಂಗಿ ಮನೆ.