ಕೈಯಾರೆ ಜೋಡಿಸಿದ ಎಲ್‌ಇಡಿ ದೀಪ ಉರಿಯುತ್ತಿಲ್ಲವೇ? ಮೊದಲು ರೆಸಿಸ್ಟರ್ ನೋಡಿ

ನಾವೇ ಜೋಡಿಸಿದ ದೀಪ ಕೈಕೊಟ್ಟ ಕೂಡಲೇ ಎಲ್‌ಇಡಿ ಕಿತ್ತು ಹೊಸದನ್ನು ಬೆಸೆಯುವುದು ಹಲವರ ರೂಢಿ. ಎಲ್‌ಇಡಿ ತಾನಾಗಿ ಕೆಡುವುದು ಕಡಿಮೆ. ಸುಟ್ಟಿದ್ದರೂ, ಸುಟ್ಟ ಕಾರಣ ಸರ್ಕ್ಯೂಟ್‌ನಲ್ಲೇ ಕೂತಿರುತ್ತದೆ. ಹೊಸದಕ್ಕೂ ಅದೇ ಗತಿ. ಹಾಗಾಗಿ ಬೆಸುಗೆ ಕಡ್ಡಿಗಿಂತ ಮೊದಲು ವೋಲ್ಟೇಜ್ ಅಳೆಯುವ ಮಲ್ಟಿಮೀಟರ್ ಕೈಗೆತ್ತಿಕೊಳ್ಳಿ.

ಉದಾಹರಣೆಗೆ ತೀರಾ ಸಾಮಾನ್ಯವಾದ ಒಂದು ಜೋಡಣೆ ನೋಡೋಣ: 12 ವೋಲ್ಟ್ ಬ್ಯಾಟರಿ, ಒಂದು ಸ್ವಿಚ್, ಕರೆಂಟಿಗೆ ಕಡಿವಾಣ ಹಾಕುವ 120 ಓಮ್ ರೆಸಿಸ್ಟರ್ (ಕಂದು, ಕೆಂಪು, ಕಂದು ಪಟ್ಟಿ), ಅದರ ಹಿಂದೆ ಸಾಲಾಗಿ 5 ಮಿ.ಮೀ.ನ 3 ಬಿಳಿ ಎಲ್‌ಇಡಿ. ಉರಿಯುವಾಗ ಪ್ರತಿ ಎಲ್‌ಇಡಿ ಸುಮಾರು 3.2 ವೋಲ್ಟ್ ತೆಗೆದುಕೊಳ್ಳುತ್ತದೆ, ಮೂರಕ್ಕೆ 9.6. ಉಳಿದ 2.4 ವೋಲ್ಟ್ ರೆಸಿಸ್ಟರ್ ಪಾಲು. 2.4 ಅನ್ನು 120ರಿಂದ ಭಾಗಿಸಿದರೆ 20 ಮಿಲಿಆಂಪಿಯರ್. ಈ ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ, ಮುಂದಿನ ಲೆಕ್ಕವೆಲ್ಲ ಇವುಗಳ ಮೇಲೆಯೇ.

ಒಂದು ಎಚ್ಚರಿಕೆ. ಇಲ್ಲಿ ಹೇಳುವ ವಿಧಾನ ಬ್ಯಾಟರಿ ಅಥವಾ ಅಡಾಪ್ಟರ್‌ನಿಂದ ನಡೆಯುವ ದೀಪಗಳಿಗೆ ಮಾತ್ರ. ಗೋಡೆಯ ಪ್ಲಗ್‌ನಿಂದ ನೇರವಾಗಿ ಕೆಪಾಸಿಟರ್ ಮೂಲಕ ನಡೆಯುವ ದೀಪದಲ್ಲಿ ಎಲ್‌ಇಡಿಯ ಕಾಲು ಮುಟ್ಟಿದರೂ ಮೇನ್ಸ್ ಮುಟ್ಟಿದಂತೆ. ಪ್ಲಗ್ ತೆಗೆದ ಮೇಲೂ ಕೆಪಾಸಿಟರ್ ಶಾಕ್ ಕೊಡಬಲ್ಲದು. ಅದನ್ನು ತಿಳಿದವರಿಗೆ ಬಿಡಿ.

1. ಬ್ಯಾಟರಿ

ಸೋತ ಬ್ಯಾಟರಿಯೂ ಬರಿದೇ ಅಳೆದಾಗ 12 ತೋರಿಸಿ ಮೋಸ ಮಾಡುತ್ತದೆ. 12 ವೋಲ್ಟ್‌ನ ಒಂದು ಸಣ್ಣ ಬಲ್ಬ್ ಹಚ್ಚಿಟ್ಟು, ಅದು ಉರಿಯುತ್ತಿರುವಾಗಲೇ ಅಳೆಯಿರಿ. 9 ವೋಲ್ಟ್‌ಗಿಂತ ಕೆಳಗಿಳಿದರೆ ನಮ್ಮ ಮೂರು ಎಲ್‌ಇಡಿ ಮಿಣುಕಬಹುದೇ ಹೊರತು ಬೆಳಗುವುದಿಲ್ಲ. ಪೆನ್ಸಿಲ್ ಸೆಲ್ ಹಾಕಿದ್ದರೆ ಸ್ಪ್ರಿಂಗ್ ಮೇಲೆ ಬಿಳಿ ಪುಡಿ ಕಟ್ಟಿದೆಯೇ ನೋಡಿ. ವಿನೆಗರ್ ಅದ್ದಿದ ಹತ್ತಿಯಿಂದ ಒರೆಸಿ, ಒಣಗಿಸಿ.

2. ಸ್ವಿಚ್

ಸ್ವಿಚ್ ಹಾಕಿ ಅದರ ಎರಡು ತುದಿಗಳ ನಡುವೆ ಅಳೆಯಿರಿ. 0 ಇರಬೇಕು. ಕೆಲವು ವೋಲ್ಟ್ ಕಂಡರೆ ಒಳಗೆ ಕೂಡುತ್ತಿಲ್ಲ ಎಂದರ್ಥ, ಬದಲಿಸಿ.

3. ರೆಸಿಸ್ಟರ್ ಮೇಲಿನ ವೋಲ್ಟೇಜ್

ಇಡೀ ಪರೀಕ್ಷೆಯ ಜೀವಾಳ ಇದು. ಮೀಟರನ್ನು 20 ವೋಲ್ಟ್ ಡಿಸಿಗೆ ತಿರುಗಿಸಿ, ರೆಸಿಸ್ಟರ್‌ನ ಎರಡು ತುದಿಗೆ ಕಡ್ಡಿಗಳನ್ನು ಇಡಿ. 2.4ರ ಆಸುಪಾಸು ಬಂದರೆ ಕರೆಂಟ್ ಸರಿಯಾಗಿ ಹರಿಯುತ್ತಿದೆ. 0 ಬಂದರೆ ದಾರಿ ಎಲ್ಲೋ ಕಡಿದಿದೆ. 5 ವೋಲ್ಟ್ ಬಂದರೆ ಗುಟ್ಟು ಎರಡರಲ್ಲೊಂದು: ರೆಸಿಸ್ಟರೇ ಒಳಗೆ ತುಂಡಾಗಿದೆ, ಇಲ್ಲವೇ ಒಂದು ಎಲ್‌ಇಡಿ ಶಾರ್ಟ್ ಆಗಿದೆ, ಅಂದರೆ ಉರಿಯದೆ ಬರೀ ತಂತಿಯಂತೆ ಕರೆಂಟ್ ಬಿಡುತ್ತಿದೆ. ದೀಪ ಪೂರ್ತಿ ಆರಿದ್ದರೆ ಮೊದಲನೆಯದು. ಎರಡು ಎಲ್‌ಇಡಿ ಮಾತ್ರ ಅತಿಯಾಗಿ ಬೆಳಗುತ್ತಿದ್ದರೆ ಎರಡನೆಯದು. ಆಗ 20ರ ಬದಲು 45 ಮಿಲಿಆಂಪಿಯರ್ ಹತ್ತಿರ ಹರಿಯುತ್ತಿರುತ್ತದೆ, ಕೂಡಲೇ ಆರಿಸಿ.

0 ಬಂದಿದ್ದರೆ ಈಗ ಒಂದೊಂದೇ ಎಲ್‌ಇಡಿಯ ಎರಡು ಕಾಲುಗಳ ನಡುವೆ ಅಳೆಯಿರಿ. ಸಾಲಿನಲ್ಲಿ ದಾರಿ ಕಡಿದಾಗ, ಉಳಿದವು ತಮ್ಮ ಪಾಲಿನದನ್ನು (ಮೀಟರ್ ಮೂಲಕ ಹರಿಯುವ ಕರೆಂಟ್ ಅತ್ಯಲ್ಪವಾದ್ದರಿಂದ ಈಗ ಅದು 3.2ಕ್ಕಿಂತ ಕಡಿಮೆ) ತೆಗೆದುಕೊಂಡು ಮಿಕ್ಕ ವೋಲ್ಟೇಜೆಲ್ಲ ಕಡಿದ ಜಾಗದಲ್ಲೇ ಬಂದು ನಿಲ್ಲುತ್ತದೆ. ಆದ್ದರಿಂದ ಹಾಳಾದ ಎಲ್‌ಇಡಿ ಮೇಲೆ 3.2 ಅಲ್ಲ, 7ರಿಂದ 8 ವೋಲ್ಟ್ ಕಾಣುತ್ತದೆ. ಯಾವ ಎಲ್‌ಇಡಿ ಮೇಲೂ ಅಷ್ಟು ಇಲ್ಲದಿದ್ದರೆ ಅವು ನಿರಪರಾಧಿಗಳು. ದೋಷ ತಂತಿಯಲ್ಲೋ ಬೆಸುಗೆಯಲ್ಲೋ ಇದೆ. ಕೆಂಪು ಕಡ್ಡಿ ಎಲ್‌ಇಡಿಯ ಪ್ಲಸ್ ಕಾಲಿನ ಮೇಲಿದ್ದೂ ಅಂಕಿಯ ಹಿಂದೆ ಮೈನಸ್ ಗುರುತು ಬಂದರೆ ಬ್ಯಾಟರಿ ತಿರುವುಮುರುವಾಗಿದೆ. ನಗಬೇಡಿ, ಬ್ಯಾಟರಿ ಬದಲಿಸಿದ ದಿನ ಆಗುವ ತಪ್ಪು ಬಹುತೇಕ ಇದೇ.

4. ಬೆಸುಗೆ

ಒಳ್ಳೆಯ ಬೆಸುಗೆ ಕಾಲಿನ ಸುತ್ತ ಗುಡ್ಡದ ಇಳಿಜಾರಿನಂತೆ ಹರಡಿರುತ್ತದೆ. ಕೆಟ್ಟದ್ದು ಗೋಲಿಯಂತೆ ಮೇಲೆ ಕೂತಿರುತ್ತದೆ, ಅಥವಾ ಕಾಲಿನ ಸುತ್ತ ಕೂದಲೆಳೆಯಷ್ಟು ಕಪ್ಪು ಉಂಗುರ ಬಿಟ್ಟಿರುತ್ತದೆ. ದೀಪ ಹಾಕಿ ಮರದ ಕಡ್ಡಿಯಿಂದ ಒಂದೊಂದೇ ಜೋಡಣೆಯನ್ನು ಮೆಲ್ಲಗೆ ತಳ್ಳಿ. ಎಲ್ಲಿ ಬೆಳಕು ಮಿನುಗಿತೋ ಅಲ್ಲೇ ರೋಗ. ಬ್ಯಾಟರಿ ಕಳಚಿ, ಸುಮಾರು 350 ಡಿಗ್ರಿ ಬಿಸಿಯ ಕಡ್ಡಿಯನ್ನು ಕಾಲು ಮತ್ತು ತಾಮ್ರ ಎರಡಕ್ಕೂ ತಾಗಿಸಿ, ಸ್ವಲ್ಪ ಹೊಸ ಸೀಸ ಉಣಿಸಿ. 3 ಸೆಕೆಂಡ್ ಸಾಕು, ಹೆಚ್ಚಾದರೆ ಎಲ್‌ಇಡಿಗೆ ಪೆಟ್ಟು.

ಹಚ್ಚಿದಾಗ ಉರಿದು, ಬಿಸಿಯಾದ ಮೇಲೆ ಆರಿ, ತಣಿದಾಗ ಮತ್ತೆ ಉರಿಯುವ ದೀಪಗಳಿವೆ. ಬೆಸುಗೆ ಸರಿಯಿದ್ದೂ ಹೀಗಾದರೆ ಎಲ್‌ಇಡಿಯ ಒಳಗಿನ ಸೂಕ್ಷ್ಮ ತಂತಿ ಬಿಟ್ಟಿದೆ. ಕಾಲನ್ನು ಬುಡದಲ್ಲೇ ಬಗ್ಗಿಸಿದರೆ ಹೀಗಾಗುತ್ತದೆ. ಬುಡದಿಂದ ಕನಿಷ್ಠ 3 ಮಿ.ಮೀ. ಬಿಟ್ಟು ಬಗ್ಗಿಸಿ.

5. ಎಲ್‌ಇಡಿ ಸುಟ್ಟಿದ್ದೇಕೆ?

ಬ್ಯಾಟರಿ ಚಾರ್ಜ್ ಆಗುತ್ತಿರುವಾಗಲೇ ದೀಪ ಹಚ್ಚುವ ಅಭ್ಯಾಸವಿದ್ದರೆ ಉತ್ತರ ಸಿಕ್ಕಂತೆ. ‘12 ವೋಲ್ಟ್’ ಲೆಡ್ ಆಸಿಡ್ ಬ್ಯಾಟರಿ ಚಾರ್ಜ್ ಹೊತ್ತಿನಲ್ಲಿ 14.4ರವರೆಗೂ ಏರುತ್ತದೆ. ಎಲ್‌ಇಡಿಗಳು ತಮ್ಮ 9.6 ಬಿಟ್ಟು ಹೆಚ್ಚೇನೂ ತೆಗೆದುಕೊಳ್ಳುವುದಿಲ್ಲ, ಏರಿದ್ದೆಲ್ಲ ರೆಸಿಸ್ಟರ್ ತಲೆಗೆ: 2.4 ಇದ್ದದ್ದು 4.8 ಆಗುತ್ತದೆ, ಕರೆಂಟ್ 20ರಿಂದ 40 ಮಿಲಿಆಂಪಿಯರ್‌ಗೆ ಜಿಗಿಯುತ್ತದೆ. ವೋಲ್ಟೇಜ್ ಏರಿದ್ದು ಐದರಲ್ಲಿ ಒಂದು ಪಾಲು, ಕರೆಂಟ್ ಎರಡು ಪಟ್ಟು.

ಇಂಥ ದೀಪಕ್ಕೆ 270 ಓಮ್, ಕಾಲು ವ್ಯಾಟ್ ರೆಸಿಸ್ಟರ್ (ಕೆಂಪು, ನೇರಳೆ, ಕಂದು) ಹಾಕಿ. 14.4ರಲ್ಲೂ 18 ಮಿಲಿಆಂಪಿಯರ್ ದಾಟದು. ಚಾರ್ಜ್ ಇಲ್ಲದಾಗ ಬೆಳಕು ತುಸು ಮಂಕು, ಆದರೆ ಬಾಳಿಕೆಗೆ ಹೋಲಿಸಿದರೆ ಅದು ದೊಡ್ಡ ಬೆಲೆಯಲ್ಲ. ಮೂರು ಎಲ್‌ಇಡಿಯ ಸಾಲುಗಳು ಹಲವಿದ್ದರೆ ಪ್ರತಿ ಸಾಲಿಗೂ ಬೇರೆ ರೆಸಿಸ್ಟರ್ ಬೇಕು. ಎಲ್ಲಕ್ಕೂ ಸೇರಿ ಒಂದನ್ನೇ ಹಾಕಿದರೆ ಒಂದು ಸಾಲು ಆರಿದೊಡನೆ ಅದರ ಕರೆಂಟೂ ಉಳಿದವುಗಳ ಮೇಲೆ ಬಿದ್ದು ಅವೂ ಸಾಲಾಗಿ ಹೋಗುತ್ತವೆ.

ಹೊಸ ಎಲ್‌ಇಡಿಯನ್ನು ಬೆಸೆಯುವ ಮೊದಲು 3 ವೋಲ್ಟ್ ಬಟನ್ ಸೆಲ್‌ನ ಎರಡು ಬದಿಗೆ ಅದರ ಕಾಲುಗಳನ್ನು ಒತ್ತಿ ನೋಡಿ. ಉದ್ದ ಕಾಲು ಪ್ಲಸ್ ಬದಿಗೆ. ಕಾಲು ಕತ್ತರಿಸಿದ್ದರೆ ಅಂಚು ಚಪ್ಪಟೆಯಿರುವ ಬದಿ ಮೈನಸ್. ಬೆಸೆದಾದ ಮೇಲೆ ಚಾರ್ಜರ್ ಹಾಕಿ ಅರ್ಧ ಗಂಟೆ ಉರಿಸಿ, ರೆಸಿಸ್ಟರ್ ಮೇಲೆ ಮತ್ತೊಮ್ಮೆ ಅಳೆಯಿರಿ. 5.4 ವೋಲ್ಟ್ (270 ಓಮ್‌ನಲ್ಲಿ ಅದು 20 ಮಿಲಿಆಂಪಿಯರ್) ಮೀರದಿದ್ದರೆ ಮುಚ್ಚಳ ಹಾಕಿ ತಿರುಪು ಬಿಗಿಯಬಹುದು.