ಷೇರು ಪೇಟೆ ಕಲಿಯಲು ಒಂದು ಪುಸ್ತಕ, ಒಂದು ಕಂಪನಿ, ಒಂದು ನೋಟ್‌ಬುಕ್

ಷೇರು ಪೇಟೆ ಕಲಿಯಬೇಕು ಅಂತ ಹೊರಟವರು ಒಂದೇ ಸಲ ಐದಾರು ಪುಸ್ತಕ ತರಿಸಿಕೊಳ್ಳುತ್ತಾರೆ. ಮೊದಲನೆಯದರ ಮೂವತ್ತನೇ ಪುಟಕ್ಕೆ ಓದು ನಿಂತುಬಿಡುತ್ತದೆ. ನನ್ನ ಕಥೆಯೂ ಅದೇ. ಆಮೇಲೆ ಗೊತ್ತಾಯಿತು, ಶುರುವಿಗೆ ಒಂದು ಪುಸ್ತಕ, ಒಂದು ಕಂಪನಿ, ಒಂದು ನೋಟ್‌ಬುಕ್ ಸಾಕು.

ಕೊಳ್ಳುವ ಮೊದಲು ಪುಸ್ತಕ ಯಾವುದರ ಬಗ್ಗೆ ಇದೆ ನೋಡಿ. ಬೆಲೆಯ ಏರಿಳಿತ ಹಿಡಿದು ಬೇಗ ಕೊಂಡು ಬೇಗ ಮಾರುವುದು ಟ್ರೇಡಿಂಗ್. ಕಂಪನಿಯ ಪಾಲು ಕೊಂಡು ವರ್ಷಗಟ್ಟಲೆ ಇಟ್ಟುಕೊಳ್ಳುವುದು ಹೂಡಿಕೆ. ಇವು ಎರಡು ಬೇರೆ ವಿದ್ಯೆ. ಇಲ್ಲಿ ಹೇಳುತ್ತಿರುವುದು ಎರಡನೆಯದರ ಬಗ್ಗೆ.

ಬೆಂಜಮಿನ್ ಗ್ರಹಾಂ 1949ರಲ್ಲಿ ಬರೆದ 'ದಿ ಇಂಟೆಲಿಜೆಂಟ್ ಇನ್ವೆಸ್ಟರ್'ನಿಂದಲೇ ಶುರು ಮಾಡಿ ಅಂತ ತುಂಬಾ ಜನ ಹೇಳುತ್ತಾರೆ. ಒಳ್ಳೆಯ ಪುಸ್ತಕವೇ, ಆದರೆ ಹೊಸಬರಿಗೆ ಕಬ್ಬಿಣದ ಕಡಲೆ. ಮೊದಲು ಪೀಟರ್ ಲಿಂಚ್ ಅವರ 'ಒನ್ ಅಪ್ ಆನ್ ವಾಲ್ ಸ್ಟ್ರೀಟ್' ಓದಿ. 1989ರದ್ದು, ಮಾತಾಡಿದ ಹಾಗೆ ಓದಿಸಿಕೊಂಡು ಹೋಗುತ್ತದೆ. ಆಮೇಲೆ ಗ್ರಹಾಂ ಪುಸ್ತಕದ 8 ಮತ್ತು 20ನೇ ಅಧ್ಯಾಯಕ್ಕೆ ಬನ್ನಿ. ಅವರ ಶಿಷ್ಯ, ಹೆಸರಾಂತ ಹೂಡಿಕೆದಾರ ವಾರನ್ ಬಫೆಟ್ ಕೂಡ ಒತ್ತಿ ಹೇಳುವುದು ಈ ಎರಡನ್ನೇ. ಪೇಟೆಯ ಮನಸ್ಸು ದಿನಕ್ಕೊಂದು ಥರ ಕುಣಿದಾಗ ನಾವೂ ಕುಣಿಯಬೇಕಿಲ್ಲ ಅನ್ನುವುದು 8ರ ತಿರುಳು. ಲೆಕ್ಕ ತಪ್ಪಿದರೂ ತೀರಾ ಮುಳುಗದಷ್ಟು ಕಡಿಮೆ ಬೆಲೆಗೆ ಕೊಳ್ಳಿ ಅನ್ನುವುದು 20ರದ್ದು.

ಇದಕ್ಕೆ ತಿರುಗೇಟು ಕೊಡುವ ಪುಸ್ತಕವೂ ಒಂದಿರಲಿ. ಬರ್ಟನ್ ಮಾಲ್ಕಿಯೆಲ್ 1973ರಲ್ಲೇ 'ಎ ರಾಂಡಮ್ ವಾಕ್ ಡೌನ್ ವಾಲ್ ಸ್ಟ್ರೀಟ್' ಪುಸ್ತಕದಲ್ಲಿ, ಷೇರು ಆರಿಸಿ ಪೇಟೆಯನ್ನು ಮೀರಿಸುವುದು ಬಹಳ ಕಷ್ಟ, ಇಡೀ ಪೇಟೆಯನ್ನೇ ಕೊಳ್ಳುವುದು ಮೇಲು ಅಂತ ವಾದಿಸಿದರು. ಪೇಟೆಯ ಸೂಚ್ಯಂಕದಲ್ಲಿರುವ ಕಂಪನಿಗಳ ಷೇರನ್ನೆಲ್ಲ ಒಟ್ಟಿಗೆ ಕೊಳ್ಳುವ ಇಂಡೆಕ್ಸ್ ಫಂಡ್ ಹಿಂದಿರುವ ಯೋಚನೆ ಇದೇ. ಓದಿ ಮುಗಿಸಿದ ಮೇಲೆ ನಿಮಗೂ ಹಾಗೇ ಅನ್ನಿಸಿದರೆ ಇಂಡೆಕ್ಸ್ ಫಂಡ್ ಹಿಡಿದು ಸುಮ್ನೆ ಇರಬಹುದು, ತಪ್ಪೇನಿಲ್ಲ.

ಇನ್ನು ನಿಜವಾದ ಪಾಠ. ನೀವು ದಿನಾ ಬಳಸುವ ಯಾವುದಾದರೂ ವಸ್ತು ಮಾಡುವ ಕಂಪನಿಯ ವಾರ್ಷಿಕ ವರದಿಯನ್ನು ಅದರ ವೆಬ್‌ಸೈಟಿನಿಂದ ಇಳಿಸಿಕೊಳ್ಳಿ. ಬಿಟ್ಟಿ ಸಿಗುತ್ತದೆ. ಮುಂದಿನ ಬಣ್ಣದ ಪುಟಗಳನ್ನು ಹಾರಿಸಿ, ಲೆಕ್ಕಪತ್ರಕ್ಕೆ ಹೋಗಿ. ಲಾಭದ ಅಂಕಿಯ ಪಕ್ಕದಲ್ಲಿ ನಗದು ಹರಿವಿನ, ಅಂದರೆ ನಿಜವಾಗಿ ಕೈಗೆ ಬಂದುಹೋದ ದುಡ್ಡಿನ, ಅಂಕಿ ಇಟ್ಟು ನೋಡಿ. ಸಾಲಕ್ಕೆ ಮಾಲು ಕೊಟ್ಟರೂ ಲಾಭ ಅಂತ ಬರೆದುಕೊಳ್ಳಬಹುದು, ದುಡ್ಡು ಮಾತ್ರ ಕೈಗೆ ಬಂದಿರುವುದಿಲ್ಲ. ವರ್ಷದಿಂದ ವರ್ಷಕ್ಕೆ ಲಾಭ ಏರುತ್ತಾ, ನಗದು ಏರದೇ ಇದ್ದರೆ ಏಕೆ ಅಂತ ಹುಡುಕಿ. ಉತ್ತರ ಬಹಳ ಸಲ ಸಣ್ಣ ಅಕ್ಷರದ ಟಿಪ್ಪಣಿಗಳಲ್ಲಿ ಅಡಗಿರುತ್ತದೆ. ಮೂರು ವರ್ಷದ ಹಿಂದಿನ ವರದಿಯನ್ನೂ ತೆಗೆಯಿರಿ. ಅದರಲ್ಲಿ ಷೇರುದಾರರಿಗೆ ಬರೆದ ಪತ್ರದಲ್ಲಿ ಅಧ್ಯಕ್ಷರು ಅಂದು ಕೊಟ್ಟ ಮಾತು ಏನಾಯಿತು? ಇದು ನನಗೆ ತುಂಬಾ ಇಷ್ಟದ ಕೆಲಸ, ಪತ್ತೇದಾರಿ ಕಾದಂಬರಿ ಓದಿದ ಹಾಗೆ ಇರುತ್ತದೆ.

ಇಂಥ ಪತ್ರ ಹೇಗಿರಬೇಕು ಅಂತ ತಿಳಿಯಲು ಬಫೆಟ್ ತಮ್ಮ ಷೇರುದಾರರಿಗೆ ಬರೆದ ಪತ್ರಗಳನ್ನು ಓದಿ. 1977ರಿಂದ ಮುಂದಿನವು ಅವರ ಕಂಪನಿ ಬರ್ಕ್‌ಶೈರ್ ಹಾಥವೇಯ ವೆಬ್‌ಸೈಟಿನಲ್ಲಿವೆ. ಎಡವಿದ್ದನ್ನೂ ಅವರು ಮುಚ್ಚಿಡುವುದಿಲ್ಲ.

ವಿಡಿಯೊ ನೋಡಬೇಡಿ ಅಂತ ಹೇಳಲ್ಲ. ಆದರೆ ಹೇಳುವವರಿಗೆ ದುಡ್ಡು ಎಲ್ಲಿಂದ ಬರುತ್ತದೆ ಅಂತ ಮೊದಲು ಕೇಳಿಕೊಳ್ಳಿ. ಖಚಿತ ಲಾಭ ಅಂದರೋ, ಅಲ್ಲಿಗೇ ಮುಚ್ಚಿ.

ಕೊನೆಗೆ ನೋಟ್‌ಬುಕ್. ದುಡ್ಡು ಹಾಕುವ ಮೊದಲು ಕಾಗದದ ಮೇಲೆ ಕೊಳ್ಳಿ. ಕಂಪನಿಯ ಹೆಸರು, ತಾರೀಕು, ಬೆಲೆ, ಕೊಳ್ಳಲು ಎರಡು ಸಾಲಿನ ಕಾರಣ. ಬೆಲೆ 100ರಿಂದ 50ಕ್ಕೆ ಬಿದ್ದರೆ ಏನು ಮಾಡುತ್ತೀರಿ ಅಂತಲೂ ಬರೆಯಿರಿ. ಅರ್ಧ ಕಳೆದುಕೊಂಡ ದುಡ್ಡು ಮತ್ತೆ ಮೊದಲಿನಷ್ಟಾಗಲು ಎರಡು ಪಟ್ಟು ಆಗಬೇಕು, ಅಲ್ವಾ? ಒಂದು ವರ್ಷದ ನಂತರ ಆ ಪುಟ ತೆಗೆಯಿರಿ. ಬೆಲೆ ಏರಿದ್ದರೂ ನೀವು ಬರೆದ ಕಾರಣ ತಪ್ಪಾಗಿದ್ದರೆ ಕೆಂಪು ಪೆನ್ನಿನಲ್ಲಿ ಗೀಟು ಹಾಕಿ, ಪಕ್ಕದಲ್ಲಿ 'ಅದೃಷ್ಟ' ಅಂತ ಬರೆದುಬಿಡಿ.